ನರ್ಸ್ ಹೇಳುವ ಮಾತೂ ಚಿಕಿತ್ಸೆಯೇ

ಹದಿನೈದು ವರ್ಷಗಳ ಒಳಗೆ ಕರ್ನಾಟಕದಲ್ಲಿ ಹೆರಿಗೆಯ ಜಾಗವೇ ಬದಲಾಯಿತು. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗಿದ್ದವು. 2019ರಲ್ಲಿ ರಾಜ್ಯದಲ್ಲಿ ನಡೆದ ಐದನೇ ಸಮೀಕ್ಷೆಯಲ್ಲಿ ಅದು 97. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲೂ ಸೂಲಗಿತ್ತಿಯನ್ನು ಕರೆಸುವ ಕಾಲ ಹೋಗಿ 108ಕ್ಕೆ ಫೋನ್ ಮಾಡುವ ಕಾಲ ಬಂದಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಹೆರಿಗೆ ದವಾಖಾನೆಗೆ ಬಂತೇ ಹೊರತು ಬಾಣಂತನ ಮನೆಯಲ್ಲೇ ಉಳಿಯಿತು, ಉಳಿಯಬೇಕಾದದ್ದೂ ಅಲ್ಲಿಯೇ. ಸಹಜ ಹೆರಿಗೆಯಾದವರು ಎರಡು ಮೂರು ದಿನ, ಸಿಸೇರಿಯನ್ ಆದವರು ಹೆಚ್ಚೆಂದರೆ ಒಂದು ವಾರ ಆಸ್ಪತ್ರೆಯಲ್ಲಿರುತ್ತಾರೆ. ಬಾಣಂತಿಗೂ ಕೂಸಿಗೂ ಅಪಾಯವಿರುವ 42 ದಿನಗಳ ಬಹುಪಾಲು ಕಳೆಯುವುದು ಡಾಕ್ಟರೂ ನರ್ಸೂ ಇಲ್ಲದ ಮನೆಯಲ್ಲಿ. ಅಲ್ಲಿ ಜ್ವರ ಬಂದರೆ, ಹೊಲಿಗೆ ಕೀವಾದರೆ, ಕೂಸು ಹಾಲು ಬಿಟ್ಟರೆ ಮೊದಲು ನೋಡುವವರು ತಾಯಿ, ಅತ್ತೆ, ಅಕ್ಕ. ಅವರಿಗೆ ಏನನ್ನು ನೋಡಬೇಕು, ಯಾವಾಗ ಹೊರಡಬೇಕು ಎಂಬುದನ್ನು ವಾರ್ಡಿನಲ್ಲೇ ಕಲಿಸಿ ಕಳಿಸುವವರು ನರ್ಸ್ ಒಬ್ಬರೇ. ಹಾಗಾಗಿ ಆ ಕಲಿಕೆಯನ್ನು ಬಿಡುವಿದ್ದಾಗ ಹೇಳುವ ಬುದ್ಧಿಮಾತೆಂದು ಬಿಡದೆ, ಇಂಜೆಕ್ಷನ್‌ನಷ್ಟೇ ಕಡ್ಡಾಯವಾದ ಚಿಕಿತ್ಸೆಯೆಂದು ಎಣಿಸಬೇಕು. ಅದಕ್ಕೆ ಡ್ಯೂಟಿಯಲ್ಲಿ ಸಮಯ, ದಾಖಲೆಯಲ್ಲಿ ಜಾಗ, ಮೇಲಿನವರ ತಪಾಸಣೆಯಲ್ಲಿ ಲೆಕ್ಕ ಸಿಗಬೇಕು.

ಈ ನಾಲ್ಕು ತಾಲ್ಲೂಕುಗಳ ನೆಲವನ್ನು ನೋಡಿದರೆ ಇದು ಯಾಕೆ ತುರ್ತು ಎಂದು ತಿಳಿಯುತ್ತದೆ. ಕಿತ್ತೂರು ಹೆದ್ದಾರಿಯ ಮೇಲಿದೆ. ಅಲ್ಲಿಂದ ಧಾರವಾಡಕ್ಕಾಗಲಿ ಬೆಳಗಾವಿಗಾಗಲಿ ಬೇಗ ಮುಟ್ಟಬಹುದು. ಸವದತ್ತಿಯವರಿಗೆ ಬೆಳಗಾವಿಗಿಂತ ಧಾರವಾಡ, ಹುಬ್ಬಳ್ಳಿಗಳೇ ಹತ್ತಿರ. ಜಿಲ್ಲೆಯ ಪೂರ್ವದ ತುದಿಯಲ್ಲಿರುವ ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಎರಡು ಗಂಟೆಯಲ್ಲಿ ಜೀವ ತೆಗೆಯಬಲ್ಲದು ಎಂಬುದನ್ನು ಈ ದೂರದ ಪಕ್ಕದಲ್ಲಿಟ್ಟು ನೋಡಬೇಕು. ಮನೆಯವರು 'ಬೆಳಗಾಗಲಿ, ನೋಡೋಣ' ಎಂದು ಕಳೆಯುವ ಒಂದು ಗಂಟೆಯನ್ನು ಯಾವ ಆಂಬುಲೆನ್ಸೂ ತಿರುಗಿ ತಂದುಕೊಡಲಾರದು. ಇನ್ನೊಂದು ತೊಡಕೂ ಇದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ರೂಢಿ. ತಾಯಿ ಕಾರ್ಡ್ ಗಂಡನ ಊರಿನಲ್ಲಿ ಆಗಿರುತ್ತದೆ, ಹೆರಿಗೆ ಇನ್ನೊಂದು ತಾಲ್ಲೂಕಿನಲ್ಲಿ, ಬಾಣಂತನ ಮೂರನೆಯ ಹಳ್ಳಿಯಲ್ಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಹೊರಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬಂದು ಹೊಲದಂಚಿನ ಗುಡಿಸಲುಗಳಲ್ಲಿ ಉಳಿಯುವ ಕಬ್ಬು ಕಡಿಯುವ ಕುಟುಂಬಗಳ ಹೆಣ್ಣುಮಕ್ಕಳ ಹೆಸರು ಅಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೇ ಇಲ್ಲದಿರಬಹುದು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಹಳ್ಳಿಗಳು ನೀರಿನಲ್ಲಿ ನಿಂತಂಥ ದಿನಗಳಲ್ಲಂತೂ ದಾರಿಯೂ ಇರುವುದಿಲ್ಲ, ಕಾಗದಪತ್ರವೂ ಉಳಿಯುವುದಿಲ್ಲ. ಹೀಗೆ ಊರಿಂದೂರಿಗೆ ಸಾಗುವ ರೋಗಿಯ ಜೊತೆ ಎಲ್ಲೆಡೆಗೂ ಹೋಗುವುದು ಅವಳ ಹಾಗೂ ಅವಳ ಜೊತೆಗಿದ್ದವರ ತಿಳಿವಳಿಕೆಯೊಂದೇ.

ನರ್ಸ್‌ಗಳ ಕೈಗೆ ಸರಳವಾದ ಸಾಧನ, ಸ್ಪಷ್ಟವಾದ ಅಧಿಕಾರ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಜಗತ್ತು ಒಪ್ಪಿದ ಸಾಕ್ಷಿ ನಮ್ಮ ಬೆಳಗಾವಿ ಜಿಲ್ಲೆಯದೇ ಇದೆ. 2002ರಿಂದ 2005ರವರೆಗೆ ಇಲ್ಲಿನ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಒಂದು ಪ್ರಯೋಗ ನಡೆಸಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ 1620 ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಗುಳಿಗೆಯನ್ನೂ ಉಳಿದವರಿಗೆ ಔಷಧವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ಕೊಟ್ಟವರು ಡಾಕ್ಟರರಲ್ಲ, 25 ಎ.ಎನ್.ಎಂ.ಗಳು, ಎಂದರೆ ಸಹಾಯಕ ನರ್ಸ್-ಸೂಲಗಿತ್ತಿಯರು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು, ಅದರಲ್ಲೂ ತೀವ್ರವಾದದ್ದು 1.2ರಿಂದ 0.2ಕ್ಕೆ. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. ರಕ್ತಸ್ರಾವ ತಡೆಯುವ ಔಷಧವಾಗಿ ಈ ಗುಳಿಗೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಸೂಜಿ ಬೇಕು. ಗುಳಿಗೆಗೆ ಸರಿಯಾದ ಹೊತ್ತಿನಲ್ಲಿ ಪಕ್ಕದಲ್ಲಿರುವ, ಕಲಿತ ಒಬ್ಬ ಹೆಣ್ಣುಮಗಳು ಸಾಕಾಗಿತ್ತು.

ಅದೇ ಸಂಶೋಧನೆಯ ಹಾದಿಯಲ್ಲಿ ಇನ್ನೊಂದು ವಸ್ತು ಹುಟ್ಟಿತು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಅದರ ತುದಿಗೆ ಚೀಲ, ಚೀಲದ ಮೇಲೆ ಅಳತೆಯ ಗೆರೆಗಳು. ಕಣ್ಣಂದಾಜಿನಲ್ಲಿ ಹೇಳಿದ ರಕ್ತದ ಪ್ರಮಾಣ ಈ ಚೀಲ ತೋರಿಸಿದ್ದಕ್ಕಿಂತ ಮೂರನೇ ಒಂದು ಪಾಲು ಕಡಿಮೆಯಿರುತ್ತದೆ ಎಂದು ಬೆಳಗಾವಿಯ ಅಧ್ಯಯನ ತೋರಿಸಿತು. ಎಂದರೆ ಎಷ್ಟೋ ವರ್ಷ ಹೆರಿಗೆ ಮಾಡಿಸಿದ ಕಣ್ಣಿಗೂ ಅಪಾಯ ಚಿಕ್ಕದಾಗಿ ಕಾಣುತ್ತದೆ. ಇಂಥದೇ ಅಳತೆಯ ಹಾಳೆಯನ್ನು, ಅದರ ಜೊತೆಗೆ ಒಂದೇ ಸಲಕ್ಕೆ ಕೈಗೊಳ್ಳಬೇಕಾದ ಚಿಕಿತ್ಸೆಯ ಕ್ರಮವನ್ನು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಪರೀಕ್ಷಿಸಿದ ಫಲಿತಾಂಶ 2023ರಲ್ಲಿ ಬಂತು. ಹಳೆಯ ಪದ್ಧತಿಯಲ್ಲಿ ಅತಿ ರಕ್ತಸ್ರಾವದ ಪ್ರಕರಣಗಳಲ್ಲಿ ಅರ್ಧದಷ್ಟು ಮಾತ್ರ ಗುರುತಿಗೆ ಸಿಗುತ್ತಿದ್ದವು. ಹೊಸ ಕ್ರಮದಲ್ಲಿ ನೂರಕ್ಕೆ 93 ಸಿಕ್ಕವು. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾದ ಶಸ್ತ್ರಚಿಕಿತ್ಸೆ, ಅದರಿಂದಾದ ಸಾವು ಮೂರೂ ಸೇರಿ ನೂರಕ್ಕೆ 4.3ರಿಂದ 1.6ಕ್ಕೆ ಇಳಿದವು. ದುಬಾರಿ ಯಂತ್ರ ಯಾವುದೂ ಇಲ್ಲಿಲ್ಲ. ಪಕ್ಕದಲ್ಲಿ ನಿಂತವರಿಗೆ ಅಳತೆ ಗೊತ್ತಿತ್ತು, ಅಳತೆ ಮೀರಿದಾಗ ಏನು ಮಾಡಬೇಕೆಂದೂ ಗೊತ್ತಿತ್ತು. ಮನೆಗೆ ಹೋದ ಮೇಲೆ ಬಾಣಂತಿಯ ಪಕ್ಕದಲ್ಲಿ ಇರುವವರಿಗೆ ಬೇಕಾದದ್ದೂ ಇವೆರಡೇ. 'ರಕ್ತ ಜಾಸ್ತಿ ಹೋದರೆ ಬನ್ನಿ' ಎಂದರೆ ಯಾರಿಗೂ ಏನೂ ತಿಳಿಯದು. 'ಒಂದು ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ' ಎಂದರೆ ಓದು ಬಾರದ ಅಜ್ಜಿಗೂ ತಿಳಿಯುತ್ತದೆ.

ಇಷ್ಟರಿಂದಲೇ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಸಾಕೆಂದು ತಿಳಿಯಬಾರದು. ಅದಕ್ಕೂ ಕರ್ನಾಟಕದ್ದೇ ಪಾಠವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪಟ್ಟಿಯನ್ನು 2010ರಲ್ಲಿ ನಮ್ಮ ರಾಜ್ಯದ, ಜಿಲ್ಲಾ ಆಸ್ಪತ್ರೆಗಿಂತ ಕೆಳಹಂತದ ಒಂದು ಹೆರಿಗೆ ಕೇಂದ್ರದಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತಂದರು. ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಪಟ್ಟಿ ಬಂದ ಮೇಲೆ 25 ಆದವು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಅಪಾಯದ ಲಕ್ಷಣ ಕಂಡರೆ ಕರೆಯಿರಿ ಎಂದು ಜೊತೆಗಿದ್ದವರಿಗೆ ಹೇಳುವುದು, ಇಂಥವೇ ಆ ಕೆಲಸಗಳು. ಮುಂದೆ ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇದೇ ಪಟ್ಟಿಯನ್ನು ಪರೀಕ್ಷಿಸಿದಾಗ ಕೆಲಸದ ಕ್ರಮ ಸುಧಾರಿಸಿತು, ಆದರೆ ತಾಯಿ ಮತ್ತು ಕೂಸುಗಳ ಸಾವು ಇಳಿಯಲಿಲ್ಲ. ತರಬೇತಿ ಕೊಡುವವರು ಬರುವುದು ಕಡಿಮೆಯಾದಂತೆ ಪಾಲನೆಯೂ ಸಡಿಲವಾಯಿತು. 2017ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನನ್ನ ವಾದಕ್ಕೆ ವಿರುದ್ಧವೆಂದು ಯಾರಾದರೂ ಮುಂದಿಡಬಹುದು. ಅದು ವಿರುದ್ಧವಲ್ಲ, ಎಚ್ಚರಿಕೆ. ಔಷಧ, ರಕ್ತ, ತಜ್ಞರು, ಮೇಲಿನ ಆಸ್ಪತ್ರೆಗೆ ದಾರಿ ಇವು ಇಲ್ಲದ ಕಡೆ ಬರಿಯ ಕಾಗದ ಜೀವ ಉಳಿಸದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಎದ್ದ ಸಲಾಯಿನ್ ದ್ರಾವಣದ ಗುಣಮಟ್ಟದ ಪ್ರಶ್ನೆಗೆ ನರ್ಸ್‌ಗಳಾಗಲಿ ಮನೆಯವರಾಗಲಿ ಉತ್ತರ ಕೊಡಲಾರರು. ಆ ಹೊಣೆ ಔಷಧ ಕೊಳ್ಳುವ, ಪರೀಕ್ಷಿಸುವ ಸರ್ಕಾರದ್ದು. ತಿಳಿವಳಿಕೆ ಎಲ್ಲ ಕೊರತೆಯನ್ನೂ ತುಂಬುತ್ತದೆ ಎನ್ನುವುದು ಸುಳ್ಳು. ಆದರೆ ಉಳಿದುದೆಲ್ಲ ಇದ್ದೂ ತಿಳಿವಳಿಕೆ ಇಲ್ಲದಿದ್ದರೆ ರೋಗಿ ಆ ಉಳಿದುದರ ಬಾಗಿಲಿಗೆ ಹೊತ್ತಿಗೆ ಸರಿಯಾಗಿ ಬರುವುದೇ ಇಲ್ಲ.

ಕಲಿಸಿದರೆ ಮನೆಯವರು ಮಾಡುತ್ತಾರೆಯೇ ಎಂಬ ಸಂಶಯಕ್ಕೆ ಕೊಪ್ಪಳ ಜಿಲ್ಲೆ ಉತ್ತರ ಕೊಟ್ಟಿದೆ. ತೂಕ ಕಡಿಮೆಯಿರುವ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ರಾಜ್ಯ ಆರೋಗ್ಯ ಇಲಾಖೆಯ ಜೊತೆ ಅಲ್ಲಿ ಇಡೀ ಜಿಲ್ಲೆಗೆ ಹಬ್ಬಿಸಿತು. ಆಸ್ಪತ್ರೆಯಲ್ಲಿ ನರ್ಸ್‌ಗಳು ತೋರಿಸಿಕೊಟ್ಟದ್ದನ್ನು ತಾಯಂದಿರು ಮನೆಯಲ್ಲಿ ಮುಂದುವರಿಸಿದರು, ಮನೆಮಂದಿ ಕೈಜೋಡಿಸಿದರು. ಹರಿಯಾಣದಲ್ಲಿ ಮನೆಯಲ್ಲೇ ಆರಂಭಿಸಿದ ಇದೇ ಆರೈಕೆ ಮೊದಲ 28 ದಿನಗಳ ಶಿಶುಮರಣವನ್ನು ನೂರಕ್ಕೆ 30ರಷ್ಟು ತಗ್ಗಿಸಿತೆಂದು 2019ರಲ್ಲಿ ವರದಿಯಾಯಿತು. ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆ ಆದವರ ಮನೆಯವರಿಗೆ ವಾರ್ಡಿನಲ್ಲೇ ಪಾಠ ಹೇಳುವುದರಿಂದ ಶುರುವಾದ ನೂರಾ ಹೆಲ್ತ್ ಸಂಸ್ಥೆಯ ಕ್ರಮ ಈಗ ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೆ ಹಬ್ಬಿದೆ. ಅಲ್ಲಿಯೂ ಕಲಿಸುವವರು ನರ್ಸ್‌ಗಳೇ. ಇದು ಬಾಣಂತಿಯರ ವಿಷಯ ಮಾತ್ರವೂ ಅಲ್ಲ. ಲಕ್ವಾ ಹೊಡೆದು ಹಾಸಿಗೆ ಹಿಡಿದ ಹಿರಿಯರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದರೆ ಬೆನ್ನಿನ ಹುಣ್ಣು ತಪ್ಪುತ್ತದೆ. ಸಕ್ಕರೆ ಕಾಯಿಲೆ ಇದ್ದವರು ದಿನಾ ಸಂಜೆ ಪಾದ ನೋಡಿಕೊಂಡರೆ ಹೊಲದಲ್ಲಿ ಚುಚ್ಚಿದ ಕಬ್ಬಿನ ಕೂಳೆಯ ಗಾಯ ಕಾಲು ಕತ್ತರಿಸುವವರೆಗೆ ಹೋಗುವುದಿಲ್ಲ. ಆರಾಮಾಯಿತೆಂದು ಬಿ.ಪಿ. ಗುಳಿಗೆ ಬಿಡಬಾರದು ಎಂಬ ಒಂದು ಮಾತು ಮನಸ್ಸಿಗೆ ಇಳಿದಿದ್ದರೆ ಎಷ್ಟೋ ಲಕ್ವಾ ತಪ್ಪುತ್ತಿದ್ದವು.

ರೋಗಿಯ ನೆಮ್ಮದಿಯನ್ನೂ ನಾನು ಸುರಕ್ಷತೆಯೊಳಗೇ ಸೇರಿಸುತ್ತೇನೆ. ಪರದೆ, ಕುಡಿಯುವ ನೀರು, ನೋವು ಎಷ್ಟಿದೆಯೆಂದು ಕೇಳುವುದು, ಮುಟ್ಟುವ ಮುಂಚೆ ಏನು ಮಾಡುತ್ತೇನೆಂದು ಹೇಳುವುದು, ಗೌರವದಿಂದ ಮಾತಾಡಿಸುವುದು, ಇವನ್ನು ದೊಡ್ಡ ಖಾಸಗಿ ಆಸ್ಪತ್ರೆಗಳ ಸೊಗಸೆಂದು ತಿಳಿಯುವ ಅಭ್ಯಾಸ ನಮ್ಮಲ್ಲಿದೆ. ಹೆರಿಗೆ ನೋವಿನಲ್ಲಿ ಕೂಗಿದ್ದಕ್ಕೆ ಬೈಸಿಕೊಂಡವಳು ರಾತ್ರಿ ರಕ್ತ ಹೆಚ್ಚು ಹೋಗುತ್ತಿದ್ದರೂ ಸಿಸ್ಟರನ್ನು ಕರೆಯಲು ಹೆದರುತ್ತಾಳೆ. ಸಲಾಯಿನ್ ಹಾಕಿದ ಕೈ ಬಾತರೂ, ಉರಿದರೂ 'ಸುಮ್ಮನೆ ಮಲಗು' ಎಂದಾರೆಂದು ರೋಗಿ ಬಾಯಿ ಮುಚ್ಚಿಕೊಂಡಿರುತ್ತಾನೆ. ಅಂಜಿಕೆಯಿರುವ ವಾರ್ಡಿನಲ್ಲಿ ಮೊದಲ ಲಕ್ಷಣಗಳು ಯಾರ ಕಿವಿಗೂ ಬೀಳುವುದಿಲ್ಲ. ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನವೆಂದು 2019ರಿಂದ ಆಚರಿಸುತ್ತಿರುವ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ರೋಗಿಗಳನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳುವುದನ್ನು ವರ್ಷದ ವಿಷಯವಾಗಿ ಇಟ್ಟುಕೊಂಡದ್ದು ಈ ಕಾರಣಕ್ಕೇ.

ಇದಕ್ಕೆ ಬರುವ ಮೊದಲ ಆಕ್ಷೇಪ ನ್ಯಾಯವಾದದ್ದು: ನರ್ಸ್‌ಗಳಿಗೆ ಪುರುಸೊತ್ತು ಎಲ್ಲಿದೆ? ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿ ನೋಡಿದವರಿಗೆ ಆ ಮಾನದಂಡ ಎಷ್ಟು ದೂರವೆಂದು ಹೇಳಬೇಕಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಬಂದಾಗ ಸವದತ್ತಿಯ ಮೇಲೆ ಬೀಳುವ ಹೊರೆ ಬೇರೆಯೇ. ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳ ಅಧ್ಯಯನವೊಂದು, ನರ್ಸ್ ಒಬ್ಬರಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯ ರೋಗಿ ತಿಂಗಳೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು ಏರುತ್ತದೆಂದು 2014ರಲ್ಲಿ ತೋರಿಸಿತ್ತು. ಆದ್ದರಿಂದ ಖಾಲಿ ಹುದ್ದೆ ತುಂಬುವುದಕ್ಕೆ, ಗುತ್ತಿಗೆಯ ನರ್ಸ್‌ಗಳಿಗೆ ಸರಿಯಾದ ಸಂಬಳ ಮತ್ತು ಭದ್ರತೆ ಕೊಡುವುದಕ್ಕೆ ಪರ್ಯಾಯವಾಗಿ ಈ ಮಾತನ್ನು ಆಡುತ್ತಿಲ್ಲ. ಆದರೆ ಇರುವ ನರ್ಸ್‌ಗಳ ಸಮಯ ಎಲ್ಲಿ ಹೋಗುತ್ತಿದೆ ಎಂಬುದನ್ನೂ ಕೇಳಬೇಕು. ರಿಜಿಸ್ಟರ್ ತುಂಬುವುದು, ಅದನ್ನೇ ಮತ್ತೆ ಪೋರ್ಟಲ್‌ಗೆ ಹಾಕುವುದು, ದಾಸ್ತಾನಿನ ಲೆಕ್ಕ ಬರೆಯುವುದು, ಇವು ಶುಶ್ರೂಷೆ ಕಲಿತವರೇ ಮಾಡಬೇಕಾದ ಕೆಲಸಗಳಲ್ಲ. ಒಬ್ಬ ಡೇಟಾ ಎಂಟ್ರಿ ನೌಕರ ಬಂದರೆ ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಸಮಯ ನರ್ಸ್‌ಗೆ ತಿರುಗಿ ಸಿಗುತ್ತದೆ. ಕಲಿಸಿ ಕಳಿಸಿದ ರೋಗಿ ಸೋಂಕಾಗಿ ಮತ್ತೆ ಬರುವುದು ಕಡಿಮೆಯಾದರೆ ಅದೂ ಸಮಯದ ಉಳಿತಾಯವೇ.

ಎರಡನೆಯ ಆಕ್ಷೇಪ: ಜನ ಕೇಳುವುದಿಲ್ಲ, ಮನೆಯಲ್ಲಿ ಅಜ್ಜಿ ಹೇಳಿದ್ದೇ ನಡೆಯುತ್ತದೆ. ನಡೆಯುತ್ತದೆ, ನಿಜ, ಹಾಗಾದರೆ ಅಜ್ಜಿಗೇ ಹೇಳಬೇಕು. ಬಾಣಂತನ ಮಾಡುವವರು ಅವರು, ಆದರೆ ವಾರ್ಡಿನಲ್ಲಿ ಅವರನ್ನು ಗದ್ದಲದ ಮಂದಿಯೆಂದು ಹೊರಗೆ ಕಳಿಸುತ್ತೇವೆ, ಬಿಡುಗಡೆ ಚೀಟಿಯನ್ನು ಮಗನ ಕೈಗೆ ಇಂಗ್ಲಿಷಿನಲ್ಲಿ ಕೊಡುತ್ತೇವೆ. ಬಿ.ಡಿ., ಟಿ.ಡಿ.ಎಸ್. ಎಂದು ಬರೆದ ಗುಳಿಗೆಯ ಹೊತ್ತು ಅವನಿಗೂ ತಿಳಿಯದು. ನಮ್ಮ ಬಾಣಂತನದಲ್ಲಿ ಬಿಡಬೇಕಾದದ್ದೂ ಇದೆ, ಇಟ್ಟುಕೊಳ್ಳಬೇಕಾದದ್ದೂ ಇದೆ. ಅಂಟಿನುಂಡಿ, ಅಳವಿ ಪಾಯಸ, ಎಣ್ಣೆ ನೀರು, ತವರಿನ ವಿಶ್ರಾಂತಿ ಇವನ್ನು ಹಳಿಯಬೇಕಾಗಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಹೊಕ್ಕುಳಿಗೆ ಏನಾದರೂ ಹಚ್ಚುವುದು, ಕಾಮಾಲೆಗೆ ಬರೆ ಎಳೆಯುವುದು ಇವನ್ನು ಮಾತ್ರ ಕಾರಣ ಹೇಳಿ ಬಿಡಿಸಬೇಕು. ಸರಿಯಾದದ್ದನ್ನು ಒಪ್ಪಿಕೊಂಡು ತಪ್ಪನ್ನು ತೋರಿಸಿದವರ ಮಾತನ್ನು ಹಿರಿಯರು ಕೇಳುತ್ತಾರೆ. ಎಲ್ಲವನ್ನೂ ಮೂಢನಂಬಿಕೆ ಎಂದವರ ಮಾತನ್ನು ಕೇಳುವುದಿಲ್ಲ.

ಆಶಾ ಕಾರ್ಯಕರ್ತೆಯರು ಇದ್ದಾರಲ್ಲ, ಮೊಬೈಲ್ ವಿಡಿಯೋ ಇದೆಯಲ್ಲ ಎಂಬುದು ಮೂರನೆಯ ಮಾತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ 42 ದಿನಗಳಲ್ಲಿ ಆರು ಸಲ ಹೋಗಬೇಕು: 3, 7, 14, 21, 28, 42ನೇ ದಿನ. ಆ ಭೇಟಿಗಳ ನಡುವಿನ ರಾತ್ರಿಗಳೆಲ್ಲ ಮನೆಯವರವೇ. ವಿಡಿಯೋ ಒಳ್ಳೆಯ ನೆರವು, ಆದರೆ ನೋಡಿದವರಿಗೆ ಏನು ಅರ್ಥವಾಯಿತು ಎಂದು ಅದು ಕೇಳಲಾರದು. ನರ್ಸ್ ಕೇಳಬಲ್ಲಳು. 'ಯಾವ ಯಾವ ಲಕ್ಷಣ ಕಂಡರೆ ಬರ್ತೀರವ್ವಾ, ನೀವೇ ಹೇಳ್ರಿ ನೋಡೋಣ' ಎಂದು ಕೇಳಿ, ತಪ್ಪಿದ್ದನ್ನು ತಿದ್ದಿ, ಮತ್ತೆ ಹೇಳಿಸಿದರೆ ಕಲಿಕೆ ಮುಗಿಯಿತೆಂದರ್ಥ. ಡಾಕ್ಟರರ ಅಧಿಕಾರಕ್ಕೆ ಇದು ಅಡ್ಡಬರುತ್ತದೆಂಬ ಅಳುಕಿಗೂ ಕಾರಣವಿಲ್ಲ. ರೋಗ ಗುರುತಿಸಿ ಔಷಧ ಬರೆಯುವುದು ಅವರ ಕೆಲಸ, ಬರೆದದ್ದು ಮನೆಯಲ್ಲಿ ನಡೆಯುವಂತೆ ನೋಡುವುದು ಶುಶ್ರೂಷೆಯ ಕೆಲಸ.

ಆಗಬೇಕಾದದ್ದು ದೊಡ್ಡ ಯೋಜನೆಯಲ್ಲ. ಈ ನಾಲ್ಕು ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ದಿನಕ್ಕೆರಡು ಹೊತ್ತು ಕಲಿಕೆಯ ಸಮಯವನ್ನು ಡ್ಯೂಟಿ ಪಟ್ಟಿಯಲ್ಲೇ ಬರೆಯಲಿ. ಮನೆಯವರು ಅಪಾಯದ ಲಕ್ಷಣಗಳನ್ನು ತಾವೇ ಹೇಳಿ ತೋರಿಸುವವರೆಗೆ ಬಿಡುಗಡೆ ಚೀಟಿಗೆ ಸಹಿ ಬೇಡ. ಚೀಟಿಯ ಜೊತೆ ಒಂದೇ ಹಾಳೆ, ದೊಡ್ಡ ಅಕ್ಷರದ ಕನ್ನಡದಲ್ಲಿ, ಚಿತ್ರಗಳೊಂದಿಗೆ, ಬೇಕಾದವರಿಗೆ ಮರಾಠಿ ಉರ್ದುವಿನಲ್ಲೂ ಇರಲಿ. ಅದರ ಮೇಲೆ ವಾರ್ಡಿನ ಫೋನ್ ನಂಬರ್, ಆಂಬುಲೆನ್ಸಿನ 108, ಆರೋಗ್ಯ ಸಹಾಯವಾಣಿಯ 104 ಇರಲಿ. ತಾಯಿ ಕಾರ್ಡಿನ ಊರಿಗಲ್ಲ, ಬಾಣಂತಿ ನಿಜವಾಗಿ ಹೋಗುವ ಊರಿನ ಆರೋಗ್ಯ ಸುರಕ್ಷಾಧಿಕಾರಿಗೆ ಅದೇ ದಿನ ಸುದ್ದಿ ಮುಟ್ಟಲಿ. ಏಳನೇ ದಿನ ಒಂದು ಫೋನ್ ಕರೆ ಹೋಗಲಿ, ಯಾವ ತೊಂದರೆಯಿಂದ ಎಷ್ಟು ಜನ ಮರಳಿ ಬಂದರೆಂಬ ಲೆಕ್ಕವನ್ನು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಪ್ರತಿ ತಿಂಗಳು ನೋಡಲಿ. ನಮ್ಮ ನರ್ಸಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಆರೋಗ್ಯ ಶಿಕ್ಷಣದ ಪಾಠವನ್ನು ಪರೀಕ್ಷೆಗೆಂದು ಮಾಡುತ್ತಾರೆ; ಪಾಠದ ಮುಂಚೆ ಎಷ್ಟು ಗೊತ್ತಿತ್ತು, ಆಮೇಲೆ ಎಷ್ಟು ಗೊತ್ತಾಯಿತು ಎಂದು ಅಳೆದ ಪ್ರಬಂಧಗಳು ಗ್ರಂಥಾಲಯಗಳಲ್ಲಿ ರಾಶಿ ಬಿದ್ದಿವೆ. ಆ ವಿದ್ಯಾರ್ಥಿಗಳನ್ನು ಈ ತಾಲ್ಲೂಕುಗಳಿಗೆ ಕಳಿಸಿ, ಅಂಕಕ್ಕಾಗಿ ಮಾಡುವ ಕೆಲಸವನ್ನು ರೋಗಿಗಾಗಿ ಮಾಡಿಸಬಹುದು.

ಗುಳಿಗೆಯೊಂದು ತಾಯಂದಿರ ಅತಿ ರಕ್ತಸ್ರಾವವನ್ನು ತಗ್ಗಿಸುತ್ತದೆಂದು ಜಗತ್ತಿಗೆ ತೋರಿಸಿದ್ದು ಈ ಜಿಲ್ಲೆಯ ಎ.ಎನ್.ಎಂ.ಗಳು. ಅವರನ್ನು ಆಗ ನಂಬಿದ್ದರಿಂದ, ಅವರ ಕೆಲಸವನ್ನು ಅಳೆದು ದಾಖಲಿಸಿದ್ದರಿಂದ ಅದು ಸಾಧ್ಯವಾಯಿತು. ಅದೇ ನಂಬಿಕೆಯನ್ನು, ಅದೇ ಅಳತೆಯನ್ನು ಅವರ ಮಾತಿಗೂ ಕೊಟ್ಟರೆ ಬೈಲಹೊಂಗಲದಿಂದ ರಾಮದುರ್ಗದವರೆಗೆ ಪ್ರತಿ ಮನೆಯಲ್ಲೂ ಅಪಾಯವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವ ಒಬ್ಬರಾದರೂ ಇರುತ್ತಾರೆ. ಇದಕ್ಕೆ ಬೇಕಾದ ಹಣ ಕಡಿಮೆ, ಜ್ಞಾನ ಈಗಾಗಲೇ ನಮ್ಮಲ್ಲಿದೆ. ಆರೋಗ್ಯ ಇಲಾಖೆ ಹೊರಡಿಸಬೇಕಾದದ್ದು ಒಂದು ಸ್ಪಷ್ಟ ಆದೇಶ, ನಾವು ನಾಗರಿಕರು ಕೇಳಬೇಕಾದದ್ದು ಆ ಆದೇಶ ನಮ್ಮ ತಾಲ್ಲೂಕಿನಲ್ಲಿ ಪಾಲನೆಯಾಗುತ್ತಿದೆಯೇ ಎಂಬ ಲೆಕ್ಕ.